ಘಟ್ಟ ಇಳಿದ ಅದಿರು, ಹೊಳೆಗಿಳಿದ ಮಣ್ಣು: ಕುದುರೆಮುಖ ಕಂಪನಿಯ ಐವತ್ತು ವರ್ಷ

ಕುದುರೆಮುಖ ಕಬ್ಬಿಣದ ಅದಿರು ಕಂಪನಿ ನೋಂದಣಿಯಾದದ್ದು 1976ರ ಏಪ್ರಿಲ್ 2ರಂದು. 2026ಕ್ಕೆ ಅದರ ಆಯಸ್ಸು ಐವತ್ತು. ಈ ಐವತ್ತರಲ್ಲಿ ತನಗೆ ಹೆಸರು ಕೊಟ್ಟ ಬೆಟ್ಟದಿಂದ ಅದು ಅದಿರು ತೆಗೆದದ್ದು ಅರ್ಧದಷ್ಟು ಕಾಲ ಮಾತ್ರ. 1980ರಲ್ಲಿ ಸ್ಥಾವರ ಸಿದ್ಧವಾಯಿತು, 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಉಳಿದ ವರ್ಷಗಳಲ್ಲಿ ಕಂಪನಿ ಬೇರೆ ಕಡೆಯ ಅದಿರು ತರಿಸಿಕೊಂಡು ಮಂಗಳೂರಿನಲ್ಲಿ ಉಂಡೆ ಕಟ್ಟುತ್ತಾ ಬದುಕಿದೆ. ಕರ್ನಾಟಕದ ಗಣಿಗಳ ಚರಿತ್ರೆಯಲ್ಲಿ ಇಷ್ಟು ಬೇಗ ಬೆಳೆದು, ಇಷ್ಟು ಬೇಗ ನಿಂತ ಇನ್ನೊಂದು ದೊಡ್ಡ ಗಣಿ ನನಗೆ ತಿಳಿದಂತೆ ಇಲ್ಲ.

ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ ಹೋಬಳಿಯವರಾದ ನಮಗೂ ಮಲೆನಾಡಿನ ಆ ಗಣಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧ ನೀರಿನದು. ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆ ಬೇರೆ ಬೇರೆ ದಾರಿ ಹಿಡಿದು, ಕೂಡಲಿಯಲ್ಲಿ ಒಂದಾಗಿ, ಹೊನ್ನಾಳಿ, ಹರಿಹರ ದಾಟಿ ನಮ್ಮ ತಾಲ್ಲೂಕಿನ ಅಂಚಿಗೆ ಬರುತ್ತವೆ. ಮುಂಗಾರಿನಲ್ಲಿ ಹೊಳೆಗೆ ಹೊಸ ನೀರು ಬಂತೆಂದರೆ ನಮ್ಮ ಕಡೆ ಮೊದಲು ನೋಡುವುದು ಅದರ ಬಣ್ಣವನ್ನು. ರಾಣೆಬೆನ್ನೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಆರುನೂರು ಮಿಲಿಮೀಟರ್ ಆಸುಪಾಸು. ಕುದುರೆಮುಖದಲ್ಲಿ ಬೀಳುವುದು ಏಳು ಸಾವಿರದ ಹತ್ತಿರ. ಅಲ್ಲಿ ಬೀಳುವ ಮಳೆಯಿಂದಲೇ ಇಲ್ಲಿಯ ಹೊಳೆದಂಡೆಯ ತೋಟ, ಗದ್ದೆ ಮತ್ತು ಕುಡಿಯುವ ನೀರು. ಆದ್ದರಿಂದ ಆ ಬೆಟ್ಟದ ಮೇಲೆ ಯಾರು ಏನು ಮಾಡಿದರೂ ಅದು ಕೆಳಗಿನವರಿಗೂ ಸೇರಿದ ವಿಷಯ. ಕಂಪನಿಯ ಚರಿತ್ರೆಯನ್ನು ಹೊಳೆಯ ಕೆಳಗಿನ ದಂಡೆಯಿಂದಲೂ ಬರೆಯಬೇಕು ಎಂಬುದು ನನ್ನ ನಿಲುವು.

ಅಲ್ಲಿ ಅದಿರಿದೆ ಎಂಬುದು ಹೊಸ ಸುದ್ದಿಯಾಗಿರಲಿಲ್ಲ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್ 1913ರಲ್ಲೇ ಆ ಗುಡ್ಡಗಳಲ್ಲಿ ಮ್ಯಾಗ್ನೆಟೈಟ್ ಅದಿರನ್ನು ಗುರುತಿಸಿದ್ದರು. ಅರೋಲಿ, ಗಂಗ್ರಿಕಲ್ಲು, ನೆಲ್ಲಿಬೀಡು ಮುಂತಾದ ಹೆಸರುಗಳು ಅಂದಿನಿಂದಲೂ ಭೂವಿಜ್ಞಾನಿಗಳ ಬಾಯಲ್ಲಿದ್ದವು. ಆದರೆ ಅದರಲ್ಲಿ ಕಬ್ಬಿಣದ ಅಂಶ ಸುಮಾರು ನೂರಕ್ಕೆ 38 ಮಾತ್ರ. ಬಳ್ಳಾರಿಯ ಸಂಡೂರಿನಲ್ಲಿ ಅರವತ್ತು, ಅರವತ್ತೈದರ ಅದಿರು ನೆಲದ ಮೇಲೇ ಸಿಗುತ್ತಿರುವಾಗ ಘಟ್ಟದ ನೆತ್ತಿಯ ಈ ಬಡ ಅದಿರನ್ನು ಕೇಳುವವರಿರಲಿಲ್ಲ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯ ಕಾಣದ, ಸರಿಯಾದ ರಸ್ತೆಯೂ ಇಲ್ಲದ ಜಾಗ ಅದು.

ಅರವತ್ತರ ದಶಕದಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮ ಅಲ್ಲಿ ಶೋಧ ಆರಂಭಿಸಿತು. ಅಮೆರಿಕದ ಮಾರ್ಕೋನಾ ಕಂಪನಿ, ಜಪಾನಿನ ವ್ಯಾಪಾರಿ ಸಂಸ್ಥೆಗಳು ಕೈಜೋಡಿಸುವ ಮಾತಾಡಿ ಹಿಂದೆ ಸರಿದವು. ಗಣಿ ಗುತ್ತಿಗೆ ಮಾತ್ರ 1969ರ ಜುಲೈ 25ರಿಂದ ಮೂವತ್ತು ವರ್ಷಕ್ಕೆ, ನಾಲ್ಕು ಸಾವಿರದ ಆರುನೂರು ಹೆಕ್ಟೇರಿನಷ್ಟು ನೆಲಕ್ಕೆ ಆಗಿಹೋಯಿತು. ಈ ತಾರೀಖು ಮುಂದೆ ಬಹಳ ಮುಖ್ಯವಾಗುತ್ತದೆ.

ಯೋಜನೆಗೆ ಜೀವ ಬಂದದ್ದು ತೈಲದ ಹಣದಿಂದ. 1973ರ ನಂತರ ತೈಲ ಬೆಲೆ ಏರಿ ಇರಾನಿನ ಬೊಕ್ಕಸ ತುಂಬಿತ್ತು. ಉಕ್ಕಿನ ಕಾರ್ಖಾನೆಗಳನ್ನು ಕಟ್ಟುವ ಹಂಬಲ ಅಲ್ಲಿಯ ಷಾ ಅವರಿಗಿತ್ತು. 1975ರ ನವೆಂಬರ್‌ನಲ್ಲಿ ಒಪ್ಪಂದವಾಯಿತು. ಇರಾನ್ 63 ಕೋಟಿ ಡಾಲರ್ ಸಾಲ ಕೊಡುವುದು, ಭಾರತ ವರ್ಷಕ್ಕೆ 75 ಲಕ್ಷ ಟನ್ ಸಾಂದ್ರೀಕೃತ ಅದಿರಿನ ಪುಡಿಯನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳಿಸುವುದು ಎಂದು ನಿಶ್ಚಯವಾಯಿತು. ಐದು ತಿಂಗಳೊಳಗೆ ಕಂಪನಿ ಹುಟ್ಟಿತು. ಕೆನಡಾದ ಮೆಟ್‌ಕೆಮ್ ಸಂಸ್ಥೆ ತಾಂತ್ರಿಕ ಸಲಹೆಗೆ ಬಂತು. ಕಾಡಿನ ನಡುವೆ ಮಲ್ಲೇಶ್ವರದಲ್ಲಿ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ ಎದ್ದವು. ಘಟ್ಟ ಕಡಿದು ರಸ್ತೆ ಮಾಡಿದರು. ಇಂಥ ಮಳೆಯ ನಾಡಿನಲ್ಲಿ ಇಷ್ಟು ದೊಡ್ಡ ಕೆಲಸವನ್ನು ನಾಲ್ಕೂವರೆ ವರ್ಷದಲ್ಲಿ, ಗೊತ್ತುಪಡಿಸಿದ ಅವಧಿಯೊಳಗೆ ಮುಗಿಸಿದ್ದು ಸಾರ್ವಜನಿಕ ವಲಯದಲ್ಲಿ ಅಪರೂಪದ ಸಂಗತಿ. ಆ ಎಂಜಿನಿಯರುಗಳಿಗೂ, ಆ ಮಳೆಯಲ್ಲಿ ನೆನೆದು ದುಡಿದ ಕೂಲಿಗಳಿಗೂ ಸಲ್ಲಬೇಕಾದ ಗೌರವ ಸಲ್ಲಲೇಬೇಕು.

ಅದಿರು ತೆಗೆಯುವುದಕ್ಕಿಂತ ಸಾಗಿಸುವುದೇ ಕಠಿಣ ಎಂಬುದು ಗಣಿ ನಡೆಸಿದವರೆಲ್ಲರ ಅನುಭವ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಸೀಸದ ಗಣಿಗಳನ್ನು ನಡೆಸಿದವರ ಪಾಡು ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿಯ ಉತ್ತರ ಭಾಗದ ಪೆನೈನ್ ಬೆಟ್ಟಗಳಲ್ಲಿ, ಆಲ್‌ಸ್ಟನ್ ಮೂರ್ ಎಂಬ ಪ್ರದೇಶದಲ್ಲಿ, 1692ರಲ್ಲಿ ಸನದು ಪಡೆದ ಲಂಡನ್ ಲೆಡ್ ಕಂಪನಿ ಗಣಿ ಹೂಡಿತು. ಕ್ವೇಕರ್ ಪಂಥದ ವ್ಯಾಪಾರಿಗಳ ಕಂಪನಿ ಅದು. ಗಣಿಗಾರರ ಸಣ್ಣ ಸಣ್ಣ ಗುಂಪುಗಳ ಜೊತೆ ಇಂತಿಷ್ಟು ಅದಿರಿಗೆ ಇಂತಿಷ್ಟು ದರ ಎಂದು ಕೆಲವು ತಿಂಗಳಿಗೊಮ್ಮೆ ಕರಾರು ಮಾಡಿಕೊಳ್ಳುತ್ತಿದ್ದರು. ಅಳತೆಗೆ ಬಿಂಗ್ ಎಂಬ ಮಾನ. ಒಂದು ಬಿಂಗ್ ಎಂದರೆ ನಾಲ್ಕು ಕ್ವಿಂಟಾಲಿಗೆ ತುಸು ಹೆಚ್ಚು. ಲೆಕ್ಕ ಚುಕ್ತಾ ಆಗುವವರೆಗೆ ಹೊಟ್ಟೆಪಾಡಿಗೆ ಮುಂಗಡ ಕೊಡುತ್ತಿದ್ದರು. ಅಗೆದ ಅದಿರು ಕರಗಿಸುವ ಭಟ್ಟಿಗೆ ಹೋಗಬೇಕಾದರೆ ಗಿಡ್ಡ ಜಾತಿಯ ಕುದುರೆಗಳ ಬೆನ್ನೇರಬೇಕು. ಒಂದು ಕುದುರೆ ಹೊರುವುದು ಸುಮಾರು ಒಂದು ಕ್ವಿಂಟಾಲ್. ಒಂದರ ಹಿಂದೊಂದು ಇಪ್ಪತ್ತು ಕುದುರೆ ಸಾಲುಗಟ್ಟಿ ಜೌಗು ನೆಲದ ಬೆಟ್ಟ ಹತ್ತಿ ಇಳಿಯುತ್ತಿದ್ದವು. ಚಳಿಗಾಲದಲ್ಲಿ ದಾರಿ ಹೂತುಹೋಗುವುದರಿಂದ ಸಾಗಣೆಯೆಲ್ಲ ಬೇಸಿಗೆಯಲ್ಲೇ ಮುಗಿಯಬೇಕು. ಬೇಸಿಗೆಯಲ್ಲಿ ಆ ಕುದುರೆಗಳ ಒಡೆಯರಾದ ಸಣ್ಣ ರೈತರಿಗೆ ಹೊಲದ ಕೆಲಸ. ಕಂಪನಿಯ ಏಜೆಂಟರಿಗೆ ಗಣಿಯ ಒಳಗಿನ ಚಿಂತೆಯಷ್ಟೇ ಕುದುರೆ ಹೊಂದಿಸುವ ಚಿಂತೆಯೂ ಇತ್ತು.

ಆ ಪರಂಪರೆಯ ಒಂದು ಕೊಂಡಿ ನಮ್ಮ ರಾಜ್ಯಕ್ಕೂ ಬಂದಿದೆ. ಯಾರ್ಕ್‌ಷೈರಿನ ಗ್ರಾಸಿಂಗ್ಟನ್ ಸೀಸದ ಗಣಿಗಳನ್ನು 1818ರಿಂದ ನೋಡಿಕೊಂಡ ಜಾನ್ ಟೇಲರ್ ಕಟ್ಟಿದ ಸಂಸ್ಥೆಯೇ ಜಾನ್ ಟೇಲರ್ ಅಂಡ್ ಸನ್ಸ್. ಮುಂದೆ 1880ರಿಂದ ಕೋಲಾರದ ಚಿನ್ನದ ಗಣಿಗಳನ್ನು ಮುಕ್ಕಾಲು ಶತಮಾನ ನಡೆಸಿದವರು ಅವರು.

ಕುದುರೆಮುಖದ ಎಂಜಿನಿಯರುಗಳ ಮುಂದಿದ್ದ ಲೆಕ್ಕವನ್ನು ನಾವೇ ಹಾಕಿ ನೋಡಬಹುದು. ವರ್ಷಕ್ಕೆ 75 ಲಕ್ಷ ಟನ್ ಎಂದರೆ ದಿನಕ್ಕೆ ಇಪ್ಪತ್ತು ಸಾವಿರ ಟನ್ ಮೀರುತ್ತದೆ. ಹತ್ತು ಟನ್ ಹೊರುವ ಲಾರಿಯಲ್ಲಿ ಕಳಿಸಿದರೆ ದಿನಕ್ಕೆ ಎರಡು ಸಾವಿರಕ್ಕೂ ಹೆಚ್ಚು ಲೋಡು. ಹಗಲೂ ರಾತ್ರಿ, ಮುಕ್ಕಾಲು ನಿಮಿಷಕ್ಕೊಂದು ಲಾರಿ ಘಟ್ಟ ಇಳಿಯಬೇಕು. ಆಷಾಢದ ಮಳೆಯಲ್ಲಿ ಅದು ಆಗದ ಮಾತು. ರೈಲು ಹಾಕಲು ಗುಡ್ಡ ಬಿಡದು. ಹಾಗಾಗಿ ಅದಿರನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಹರಿಸುವುದೆಂದು ತೀರ್ಮಾನವಾಯಿತು. ಕಬ್ಬಿಣದ ಅದಿರನ್ನು ದೂರಕ್ಕೆ ಹೀಗೆ ಹರಿಸಿದ ಮೊದಲ ಕೊಳವೆ ಆಸ್ಟ್ರೇಲಿಯದ ಟಾಸ್ಮೇನಿಯದಲ್ಲಿ, ಸ್ಯಾವೇಜ್ ನದಿಯ ಗಣಿಯಲ್ಲಿ, 1967ರಲ್ಲಿ ಶುರುವಾಗಿತ್ತು. ಉದ್ದ 85 ಕಿಲೋಮೀಟರ್. ಕುದುರೆಮುಖದ್ದು 67 ಕಿಲೋಮೀಟರ್. ಒಂದೂವರೆ ಅಡಿ ವ್ಯಾಸದ ಉಕ್ಕಿನ ಕೊಳವೆ ಏಳೆಂಟುನೂರು ಮೀಟರ್ ಎತ್ತರದಿಂದ ಕಾಡು, ಅಡಿಕೆ ತೋಟ, ಗದ್ದೆಬಯಲುಗಳ ಅಡಿಯಲ್ಲಿ ಇಳಿದು ಮಂಗಳೂರಿನ ಪಣಂಬೂರಿನಲ್ಲಿ ಸಮುದ್ರದಂಡೆ ಮುಟ್ಟುತ್ತಿತ್ತು.

ಈ ಕೊಳವೆಯ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗುಡ್ಡದಿಂದ ಕಿತ್ತ ಬಂಡೆ ಮೊದಲು ಕ್ರಷರಿಗೆ ಬೀಳುತ್ತದೆ. ಅಲ್ಲಿಂದ ಕನ್ವೇಯರ್ ಬೆಲ್ಟಿನ ಮೇಲೆ ದೈತ್ಯ ಗಿರಣಿಗೆ ಹೋಗುತ್ತದೆ. ಮನೆಯೊಂದು ಹಿಡಿಯುವಷ್ಟು ದೊಡ್ಡ ಪೀಪಾಯಿ ತಿರುಗುತ್ತಿದ್ದಂತೆ ಕಲ್ಲಿಗೆ ಕಲ್ಲು ಬಡಿದು ಪುಡಿಯಾಗುತ್ತದೆ. ನೀರು ಬೆರೆತ ಆ ಪುಡಿ ಅಯಸ್ಕಾಂತದ ಉರುಳೆಗಳ ಮೇಲೆ ಹರಿಯುವಾಗ ಮ್ಯಾಗ್ನೆಟೈಟ್ ಅಂಟಿಕೊಳ್ಳುತ್ತದೆ, ಮರಳು ಮತ್ತು ಮಣ್ಣು ಬೇರೆಯಾಗಿ ಹೋಗುತ್ತವೆ. 38 ಇದ್ದ ಕಬ್ಬಿಣದ ಅಂಶ 67ಕ್ಕೆ ಏರುತ್ತದೆ. ಮೈದಾ ಹಿಟ್ಟಿನಷ್ಟು ನುಣ್ಣಗಿನ ಈ ಕಪ್ಪು ಪುಡಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಪಂಪು ಒತ್ತುತ್ತದೆ. ಅದರ ವೇಗ ಸೆಕೆಂಡಿಗೆ ಒಂದೂವರೆ, ಎರಡು ಮೀಟರಿನ ಆಚೀಚೆ ಇರಬೇಕು. ಕಡಿಮೆಯಾದರೆ ಪುಡಿ ತಳದಲ್ಲಿ ಕೂತು ಕೊಳವೆ ಕಟ್ಟಿಕೊಳ್ಳುತ್ತದೆ. ಹೆಚ್ಚಾದರೆ ಉಜ್ಜಿ ಉಜ್ಜಿ ಉಕ್ಕನ್ನೇ ಸವೆಸುತ್ತದೆ. ಇಳಿಜಾರು ಕೂಡ ಒಂದು ಮಿತಿ ದಾಟಬಾರದು. ಹರಿವು ನಿಂತಾಗ ಕೂತ ಪುಡಿ ಜಾರಿ ತಗ್ಗಿನಲ್ಲಿ ಗುಡ್ಡೆಯಾದರೆ ಮತ್ತೆ ಒತ್ತಿ ಹೊರಡಿಸುವುದು ಕಷ್ಟ. ಇಂಥ ಕೊಳವೆಯನ್ನು ನಿಲ್ಲಿಸಬೇಕಾದರೆ ಹಿಂದಿನಿಂದ ಬರೀ ನೀರು ಕಳಿಸಿ ತೊಳೆಯುತ್ತಾರೆ. ತುಕ್ಕು ಹಿಡಿಯದಂತೆ ಸುಣ್ಣ ಬೆರೆಸುತ್ತಾರೆ. ಈ ವೇಗದಲ್ಲಿ ಬೆಟ್ಟದ ಅದಿರು ಸಮುದ್ರ ಸೇರಲು ಹೆಚ್ಚುಕಡಿಮೆ ಅರ್ಧ ದಿನ ಹಿಡಿಯುತ್ತದೆ. ಮಂಗಳೂರಿನ ತುದಿಯಲ್ಲಿ ನೀರು ಸೋಸಿ, ಪುಡಿಯನ್ನು ರಾಶಿ ಹಾಕಿ, ಹಡಗಿಗೆ ತುಂಬುತ್ತಿದ್ದರು. 1974ರಲ್ಲಿ ತೆರೆದ ನವಮಂಗಳೂರು ಬಂದರು ಬೆಳೆದದ್ದರಲ್ಲಿ ಈ ಅದಿರಿನ ಪಾಲು ದೊಡ್ಡದು.

ಎರಡು ದಶಕಕ್ಕೂ ಹೆಚ್ಚು ಕಾಲ, ಮಳೆ ಚಳಿ ಎನ್ನದೆ, ರಸ್ತೆಗೆ ಒಂದು ಲಾರಿ ಅದಿರನ್ನೂ ಹಾಕದೆ, ಧೂಳೆಬ್ಬಿಸದೆ ಘಟ್ಟ ದಾಟಿಸಿದ್ದು ಸಣ್ಣ ಸಾಧನೆಯಲ್ಲ. ಮುಂದೆ 2000ದ ದಶಕದಲ್ಲಿ ಬಳ್ಳಾರಿ, ಸಂಡೂರು, ಹೊಸಪೇಟೆಗಳಲ್ಲಿ ಅದಿರು ಲಾರಿಗಳು ಮಾಡಿದ ಹಾವಳಿಯನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಅಲ್ಲಿ ಹೊಲದ ಬೆಳೆಯ ಮೇಲೆ ಕೆಂಪು ಧೂಳು ಕೂತಿತು, ರಸ್ತೆಗಳು ಎದ್ದುಹೋದವು, ಪರ್ಮಿಟ್ಟಿಗಿಂತ ಹೆಚ್ಚು ಹೇರಿಕೊಂಡ ಲಾರಿಗಳ ಲೆಕ್ಕವೇ ಸಿಗಲಿಲ್ಲ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ 2011ರ ವರದಿ ಬಿಡಿಸಿಟ್ಟದ್ದು ಅದನ್ನೇ. ಕುದುರೆಮುಖದ ಕೊಳವೆಯಲ್ಲಿ ಕಳ್ಳತನಕ್ಕೆ ಎಡೆಯೇ ಇರಲಿಲ್ಲ. ಈ ತುದಿಯಲ್ಲಿ ಎಷ್ಟು ಹೋಯಿತೋ ಆ ತುದಿಯಲ್ಲಿ ಅಷ್ಟು ಬರಲೇಬೇಕು.

ಆದರೆ ಕೊಳ್ಳುವವರೇ ಕೈಬಿಟ್ಟರು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಷಾ ದೇಶ ಬಿಟ್ಟರು. 63 ಕೋಟಿ ಡಾಲರಿನಲ್ಲಿ ಇರಾನಿನಿಂದ ಬಂದದ್ದು 25.5 ಕೋಟಿ ಮಾತ್ರ. ಉಳಿದದ್ದನ್ನು ಭಾರತ ಸರಕಾರವೇ ಹೊಂದಿಸಿತು. 1980ರಲ್ಲಿ ಸ್ಥಾವರ ಸಜ್ಜಾಗಿ ನಿಂತಾಗ ಅದಿರು ಕೊಳ್ಳಲು ಯಾರೂ ಇಲ್ಲ. ಇನ್ನೊಬ್ಬರಿಗೆ ಮಾರೋಣವೆಂದರೆ ಅದೂ ಸುಲಭವಲ್ಲ. ಪುಡಿ ಅತಿ ನುಣುಪಾದ್ದರಿಂದ ಅದನ್ನು ಹಾಗೆಯೇ ಊದುಕುಲುಮೆಗೆ ಸುರಿಯುವಂತಿಲ್ಲ. ಉಂಡೆ ಕಟ್ಟುವ ಸ್ಥಾವರ ಇದ್ದವರಷ್ಟೇ ಗಿರಾಕಿಗಳು. ಒಬ್ಬನೇ ಗಿರಾಕಿಯನ್ನು ನಂಬಿ ಇಡೀ ಗಣಿಯನ್ನು ಅವನ ಅಳತೆಗೆ ಹೊಲಿಸಿದ್ದರ ಫಲ ಇದು. ಕಂಪನಿ ಆ ಏಟನ್ನು ತಡೆದುಕೊಂಡಿತು. ದೇಶ ದೇಶ ಅಲೆದು ಮಾರುಕಟ್ಟೆ ಹುಡುಕಿತು. 1987ರಲ್ಲಿ ಮಂಗಳೂರಿನಲ್ಲಿ ತನ್ನದೇ ಪೆಲೆಟ್ ಸ್ಥಾವರ ತೆರೆಯಿತು. ಅದರ ಶಕ್ತಿ ಆಗ ವರ್ಷಕ್ಕೆ 30 ಲಕ್ಷ ಟನ್, ಆಮೇಲೆ 35 ಲಕ್ಷ. ಪುಡಿಗೆ ಬೆಂಟೊನೈಟ್ ಜೇಡಿ ಬೆರೆಸಿ, ತಿರುಗುವ ತಟ್ಟೆಗಳಲ್ಲಿ ಗೋಲಿ ಗಾತ್ರದ ಉಂಡೆ ಮಾಡಿ, ಸಾವಿರದ ಮುನ್ನೂರು ಡಿಗ್ರಿ ಶಾಖದಲ್ಲಿ ಸುಟ್ಟು ಗಟ್ಟಿಮಾಡುವ ಕೆಲಸ. ಈ ತೀರ್ಮಾನವೇ ಕಂಪನಿಯನ್ನು ಅಂದೂ ಉಳಿಸಿತು, 2005ರ ನಂತರವೂ ಉಳಿಸಿತು. ಐವತ್ತು ವರ್ಷಗಳಲ್ಲಿ ಕಂಪನಿ ಮಾಡಿದ ಅತ್ಯಂತ ಜಾಣತನದ ಕೆಲಸ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಇಷ್ಟು ಪಡುವಣಕ್ಕೆ ಹರಿದ ಅದಿರಿನ ಮಾತಾಯಿತು. ಮೂಡಣಕ್ಕೆ ಹರಿದದ್ದರ ಮಾತು ಇನ್ನೂ ಇದೆ.

75 ಲಕ್ಷ ಟನ್ ಪುಡಿ ಸಿಗಬೇಕಾದರೆ ಗುಡ್ಡದಿಂದ ಕೀಳಬೇಕಾದದ್ದು ಸುಮಾರು 2 ಕೋಟಿ 25 ಲಕ್ಷ ಟನ್. ಅಂದರೆ ಕಿತ್ತದ್ದರಲ್ಲಿ ಮೂರನೆಯ ಎರಡು ಪಾಲು ಅಲ್ಲೇ ಉಳಿಯುತ್ತದೆ. ಆ ನುಣ್ಣಗಿನ ಕೆಸರನ್ನು ಹಿಡಿದಿಡಲು ಭದ್ರೆಯ ಉಪನದಿಯಾದ ಲಕ್ಯ ಹಳ್ಳಕ್ಕೆ ನೂರು ಮೀಟರ್ ಎತ್ತರದ ಮಣ್ಣಿನ ಅಣೆಕಟ್ಟು ಕಟ್ಟಿದರು. ಅಣೆ ತನ್ನ ಕೆಲಸ ಮಾಡಿತು. ಆದರೆ ಅಣೆಯ ಪಾಲಿಗೆ ಬರುವುದು ಗಿರಣಿಯಿಂದ ಹೊರಬಿದ್ದ ಕೆಸರು ಮಾತ್ರ. ಹುಲ್ಲು, ಶೋಲಾ ಕಾಡು ಕೆತ್ತಿ ಮೈ ಬಿಚ್ಚಿಟ್ಟ ಗುಡ್ಡದ ಮೆಟ್ಟಿಲುಗಳು, ಲಾರಿ ಓಡಾಡುವ ಕಚ್ಚಾ ರಸ್ತೆಗಳು, ಬದಿಗೆ ಸುರಿದ ಮಣ್ಣಿನ ಗುಡ್ಡೆಗಳು ಮಳೆಗೆ ನೇರವಾಗಿ ತೆರೆದುಕೊಂಡಿದ್ದವು. ಕಂಪನಿ ಕಲ್ಲಿನ ತಡೆಗೋಡೆ, ಸಣ್ಣ ಒಡ್ಡುಗಳನ್ನು ಕಟ್ಟಿತು, ಗಿಡ ನೆಟ್ಟಿತು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆಯ ಮುಂದೆ ಅದು ಸಾಲಲಿಲ್ಲ.

ಹೊಳೆಯಲ್ಲಿ ಹೋಗುವ ಹೂಳನ್ನು ಅಳೆಯುವುದು ಹೇಳಿಕೊಳ್ಳುವಂಥ ದೊಡ್ಡ ವಿದ್ಯೆಯಲ್ಲ, ಆದರೆ ಬಲು ತಾಳ್ಮೆಯ ಕೆಲಸ. ಮಳೆ ಸುರಿಯುತ್ತಿರುವಾಗಲೇ ಹೊಳೆಗಿಳಿದು ಬಾಟಲಿಯಲ್ಲಿ ನೀರು ತುಂಬಿಕೊಳ್ಳಬೇಕು. ಅದನ್ನು ಸೋಸಿ, ಉಳಿದ ಮಣ್ಣನ್ನು ಒಣಗಿಸಿ ತೂಗಬೇಕು. ಅದೇ ಹೊತ್ತಿನಲ್ಲಿ ಹೊಳೆಯಲ್ಲಿ ಎಷ್ಟು ನೀರು ಹರಿಯಿತು ಎಂಬುದನ್ನೂ ಬರೆದಿಡಬೇಕು. ವಾರಕ್ಕೊಮ್ಮೆ ಬಿಸಿಲು ಬಿದ್ದಾಗ ಹೋಗಿ ಅಳೆದರೆ ಸುಳ್ಳು ಲೆಕ್ಕ ಸಿಗುತ್ತದೆ, ಏಕೆಂದರೆ ವರ್ಷದ ಹೂಳಿನಲ್ಲಿ ಬಹುಪಾಲು ಕೊಚ್ಚಿಹೋಗುವುದು ಕೆಲವೇ ದೊಡ್ಡ ಮಳೆಗಳಲ್ಲಿ. ವಿಜ್ಞಾನಿ ಜಗದೀಶ್ ಕೃಷ್ಣಸ್ವಾಮಿ ಮತ್ತು ಅವರ ಸಂಗಡಿಗರು ಭದ್ರೆಯ ಮೇಲ್ಭಾಗದಲ್ಲಿ ಹೀಗೆ ಅಳೆದರು. ಜಲಾನಯನದ ಸಣ್ಣದೊಂದು ಪಾಲಾದ ಗಣಿ ಪ್ರದೇಶದಿಂದ ಹೂಳಿನ ದೊಡ್ಡ ಪಾಲು ಬರುತ್ತಿದೆ ಎಂಬುದು ಅವರಿಗೆ ಕಂಡುಬಂತು. ಈ ಅಂಕಿಗಳ ಸುತ್ತ ಬಿರುಸಾದ ವಾದ, ಪ್ರತಿವಾದ ನಡೆಯಿತು. ಗಣಿ ಶುರುವಾಗಿ ಇಪ್ಪತ್ತು ವರ್ಷ ಕಳೆದ ಮೇಲೆ ನಡೆದ ವಾದ ಅದು. 1980ರಿಂದಲೇ, ಕೊಳವೆಯ ಎರಡೂ ತುದಿಗಳಲ್ಲಿ ಅದಿರನ್ನು ತೂಗಿದಷ್ಟು ಶ್ರದ್ಧೆಯಿಂದ ಭದ್ರೆಯ ನೀರನ್ನೂ ತೂಗಿ, ಆ ಲೆಕ್ಕವನ್ನು ಜನರ ಮುಂದೆ ಇಟ್ಟಿದ್ದರೆ ವಾದಕ್ಕೆ ಅಷ್ಟು ಜಾಗ ಇರುತ್ತಿರಲಿಲ್ಲ. ಕಂಪನಿಯ ಆಡಳಿತದ ಮೇಲೆ ನನಗಿರುವ ದೊಡ್ಡ ಆಕ್ಷೇಪ ಇದೊಂದೇ.

ಆ ಹೂಳು ನೇರವಾಗಿ ನಮ್ಮ ಮೇಡ್ಲೇರಿ ಕಡೆಯ ಹೊಳೆಗೆ ಬಂತೆಂದು ನಾನು ಹೇಳುವುದಿಲ್ಲ. ನಡುವೆ ಲಕ್ಕವಳ್ಳಿಯ ಭದ್ರಾ ಜಲಾಶಯವಿದೆ. ಹೆಚ್ಚಿನದು ಅಲ್ಲೇ ಕೂರುತ್ತದೆ. ಆದರೆ ಅಲ್ಲಿ ಕೂತದ್ದು ಜಲಾಶಯದ ಹೊಟ್ಟೆಯನ್ನೇ ತಿನ್ನುತ್ತದೆ. ಭದ್ರಾ ನಾಲೆಗಳನ್ನು ನಂಬಿದ ಶಿವಮೊಗ್ಗ, ದಾವಣಗೆರೆ ಸೀಮೆಯ ಬತ್ತ, ಅಡಿಕೆ ಬೆಳೆಗಾರರಿಗೆ ಅದು ನೇರ ನಷ್ಟ. ಬೇಸಿಗೆಯಲ್ಲಿ ಹೊಳೆಗೆ ಬಿಡುವ ನೀರನ್ನು ಕಾಯುವ ಕೆಳಗಿನ ಊರುಗಳಿಗೂ ಅದರ ಬಿಸಿ ತಟ್ಟುತ್ತದೆ.

ಹಳೆಯ ಇಂಗ್ಲೆಂಡಿನಲ್ಲೂ ಹೀಗೆಯೇ ಆಗಿತ್ತು. ಅಲ್ಲಿಯ ಸೀಸದ ಗಣಿಗಾರರು ಗುಡ್ಡದ ನೆತ್ತಿಯಲ್ಲಿ ಹುಲ್ಲುಹೆಂಟೆಯ ಒಡ್ಡು ಕಟ್ಟಿ, ನೀರು ತುಂಬಿದ ಮೇಲೆ ಒಮ್ಮೆಲೇ ಒಡೆದುಬಿಡುತ್ತಿದ್ದರು. ರಭಸದ ನೀರು ಮೇಲ್ಮಣ್ಣನ್ನೆಲ್ಲ ಕೊಚ್ಚಿಕೊಂಡು ಹೋಗಿ ಅದಿರಿನ ಎಳೆ ಬಯಲಾಗುತ್ತಿತ್ತು. ಕೊಚ್ಚಿಹೋದ ಮಣ್ಣು, ಅದಿರಿನ ಚೂರು ಟೀಸ್, ಸ್ವೇಲ್ ಮುಂತಾದ ನದಿಗಳ ಪಾಲಾಯಿತು. ಲಂಡನ್ ಲೆಡ್ ಕಂಪನಿ ಬಿಂಗ್ ಬಿಂಗಿಗೂ ಲೆಕ್ಕ ಇಟ್ಟಿತ್ತು; ಕೆಲಸಗಾರರಿಗಾಗಿ ನೆಂಟ್‌ಹೆಡ್ ಎಂಬ ಊರನ್ನೇ ಕಟ್ಟಿತ್ತು. 1905ರಲ್ಲಿ ಕಂಪನಿ ಮುಚ್ಚಿತು. ಆ ನದಿಗಳ ದಂಡೆಯ ಹೊಲಗಳ ಮಣ್ಣಿನಲ್ಲಿ ಸೀಸ ಇವತ್ತಿಗೂ ಇದೆ. ದೊಡ್ಡ ನೆರೆ ಬಂದಾಗಲೆಲ್ಲ ಮತ್ತೆ ಕದಡಿ ಮೇಲೇಳುತ್ತದೆ. ಬ್ರೆಜಿಲ್ಲಿನ ಸಮಾರ್ಕೊ ಕಂಪನಿಯದು ಇನ್ನೂ ಹತ್ತಿರದ ಹೋಲಿಕೆ. 1977ರಲ್ಲಿ ಅದು ಸುಮಾರು 400 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಅದಿರನ್ನು ಸಮುದ್ರಕ್ಕೆ ಹರಿಸತೊಡಗಿತು. 2015ರ ನವೆಂಬರ್ 5ರಂದು ಅದರ ಕೆಸರಿನ ಅಣೆ ಒಡೆದು 19 ಜನ ಸತ್ತರು, ಡೋಸೆ ನದಿ ಸಮುದ್ರದವರೆಗೂ ಕೆಂಪಾಯಿತು. ನಮ್ಮ ಲಕ್ಯ ಅಣೆ ನಿಂತಿದೆ. ಗಣಿ ನಿಂತ ಮೇಲೂ ಅದನ್ನು ಕಾಯುವ ಕೆಲಸ ನಿಲ್ಲುವಂತಿಲ್ಲ.

ಕುದುರೆಮುಖ ಬರೀ ಅದಿರಿನ ಗುಡ್ಡವಲ್ಲ ಎಂಬುದು ಎಂಬತ್ತರ ದಶಕದಲ್ಲೇ ಗೊತ್ತಾಗಿತ್ತು. ಸಿಂಗಳೀಕಗಳ ಬಗ್ಗೆ ಉಲ್ಲಾಸ ಕಾರಂತರು ನಡೆಸಿದ ಸಮೀಕ್ಷೆ ಆ ಕಾಡಿನ ಬೆಲೆಯನ್ನು ತೋರಿಸಿಕೊಟ್ಟಿತು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಕಾಡನ್ನು ರಾಷ್ಟ್ರೀಯ ಉದ್ಯಾನ ಮಾಡುವ ಮೊದಲ ಅಧಿಸೂಚನೆ ಬಂತು. ಗಣಿ ಅದರ ನಟ್ಟನಡುವೆ ಉಳಿಯಿತು. 1999ರ ಜುಲೈ 24ಕ್ಕೆ ಮೂವತ್ತು ವರ್ಷದ ಗುತ್ತಿಗೆ ಮುಗಿದಾಗ ಕಂಪನಿ ನವೀಕರಣ ಕೇಳಿತು, ತಾತ್ಕಾಲಿಕ ಅನುಮತಿಯ ಮೇಲೆ ಕೆಲಸ ಮುಂದುವರಿಸಿತು. ನಿವೃತ್ತ ವಲಯ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. ಆಗಲೇ ಅಗೆದ ಜಾಗದಲ್ಲಷ್ಟೇ, 2005ರ ಕೊನೆಯವರೆಗೆ ಮಾತ್ರ ಗಣಿಗಾರಿಕೆ; ಅಲ್ಲಿಗೆ ಮುಗಿಯಿತು. ಗಡುವು ಮುಂದೂಡಿಸುವ ಪ್ರಯತ್ನಗಳು ಫಲ ಕೊಡಲಿಲ್ಲ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಅದರೊಳಗಿತ್ತು.

ಗಣಿ ನಿಂತದ್ದರಿಂದ ನೊಂದವರೂ ಇದ್ದಾರೆ, ಅವರನ್ನು ಮರೆಯಬಾರದು. ಎರಡು ತಲೆಮಾರು ಅಲ್ಲಿ ಬೆಳೆದಿತ್ತು. ಮಕ್ಕಳಿಗೆ ಅದೇ ಹುಟ್ಟೂರು. ನೌಕರರು ಕೆಲವರು ಮಂಗಳೂರಿಗೆ ಹೋದರು, ಕೆಲವರು ಸ್ವಯಂ ನಿವೃತ್ತಿ ಪಡೆದರು. ಅಂಗಡಿ ಇಟ್ಟವರು, ಗುತ್ತಿಗೆ ಕೂಲಿಗಳು ತಮ್ಮ ದಾರಿ ತಾವು ನೋಡಿಕೊಂಡರು. ಸಾಲು ಸಾಲು ಕ್ವಾರ್ಟರ್ಸುಗಳ ಹೆಂಚಿನ ಮೇಲೆ ಹಾವಸೆ ಕಟ್ಟಿತು. ಕಾಡಿನ ಪರವಾಗಿ ಬಂದ ತೀರ್ಪು ಸರಿಯೆಂದೇ ನಾನು ನಂಬುತ್ತೇನೆ. ಆದರೂ ಮೂವತ್ತು ವರ್ಷದ ಗುತ್ತಿಗೆ ಒಂದು ದಿನ ಮುಗಿಯುತ್ತದೆ ಎಂಬುದು 1969ರಲ್ಲೇ ಕಾಗದದ ಮೇಲಿತ್ತು. ಆ ದಿನಕ್ಕಾಗಿ ಜನರನ್ನು ಮೊದಲೇ ಸಜ್ಜುಗೊಳಿಸುವ ಹೊಣೆ ಸರಕಾರ, ಕಂಪನಿ ಇಬ್ಬರ ಮೇಲೂ ಇತ್ತು.

ಗಣಿ ಕಳೆದುಕೊಂಡ ಕಂಪನಿಯ ಮುಂದಿನ ದಾರಿ ಸುಗಮವಾಗಿರಲಿಲ್ಲ. ಛತ್ತೀಸಗಢದ ಬೈಲಾಡಿಲದ ಅದಿರನ್ನು ರೈಲಿನಲ್ಲಿ ವಿಶಾಖಪಟ್ಟಣಕ್ಕೂ ಅಲ್ಲಿಂದ ಹಡಗಿನಲ್ಲಿ ಮಂಗಳೂರಿಗೂ ತರಿಸಿ ಪೆಲೆಟ್ ಮಾಡಬೇಕಾಯಿತು. ಕೊಳವೆಯಲ್ಲಿ ಅರ್ಧ ದಿನಕ್ಕೆ ಬರುತ್ತಿದ್ದ ಅದಿರು ಈಗ ಇಡೀ ಪರ್ಯಾಯ ದ್ವೀಪವನ್ನು ಸುತ್ತಿ ಬರುತ್ತದೆ. ಸಾಗಣೆಯ ಖರ್ಚು ಲಾಭವನ್ನು ತಿಂದಿತು. ಪಣಂಬೂರಿನಲ್ಲಿದ್ದ ಕಂಪನಿಯ ಊದುಕುಲುಮೆ 2009ರಲ್ಲಿ ನಿಂತಿತು. ಅದೇ ವರ್ಷ ಕಂಪನಿಯ ಹೆಸರು ಅಧಿಕೃತವಾಗಿ ಕೆಐಒಸಿಎಲ್ ಲಿಮಿಟೆಡ್ ಎಂದಾಯಿತು. ಸ್ವಂತ ಗಣಿಗಾಗಿ ಅದು ಸಂಡೂರಿನ ದೇವದಾರಿ ಬೆಟ್ಟದತ್ತ ನೋಡಿದೆ; ಅಲ್ಲಿ 388 ಹೆಕ್ಟೇರಿನ ಗಣಿ ಗುತ್ತಿಗೆ 2023ರಲ್ಲಿ ಆಯಿತು. ಅದೂ ಕಾಡೇ. ಮರ ಕಡಿಯುವ ಪ್ರಶ್ನೆ, ಕುದುರೆಮುಖದಲ್ಲಿ ಉಳಿದ ಬಾಕಿಯ ಪ್ರಶ್ನೆ ಮುಂದಿಟ್ಟು ರಾಜ್ಯದ ಅರಣ್ಯ ಇಲಾಖೆ ತಕರಾರು ತೆಗೆದಿದೆ. ಹಳೆಯ ಗುಡ್ಡದ ಲೆಕ್ಕ ಚುಕ್ತಾ ಮಾಡದೆ ಹೊಸ ಗುಡ್ಡಕ್ಕೆ ಕೈ ಹಾಕಬಾರದು ಎಂಬ ಮಾತು ನನಗೆ ನ್ಯಾಯವಾಗಿಯೇ ಕಾಣುತ್ತದೆ.

ಈ ಚರಿತ್ರೆ ನಮ್ಮ ಜಿಲ್ಲೆಯವರಿಗೆ ದೂರದ ಕಥೆಯಲ್ಲ. ಹಾವೇರಿ ತಾಲ್ಲೂಕಿನ ಗಣಜೂರಿನಲ್ಲಿ ಚಿನ್ನದ ನಿಕ್ಷೇಪ ಇರುವುದನ್ನು ಡೆಕ್ಕನ್ ಗೋಲ್ಡ್ ಮೈನ್ಸ್ ಕಂಪನಿ ಶೋಧಿಸಿ ಬಹಳ ವರ್ಷಗಳಾದವು. ಗುತ್ತಿಗೆಯ ವಿಷಯ ಕಡತಗಳಲ್ಲೇ ಅಲೆಯುತ್ತ ಬಂದಿದೆ. ಚಿನ್ನದ ಅದಿರಿನಲ್ಲಿ ಟನ್ನಿಗೆ ಸಿಗುವ ಚಿನ್ನ ಗ್ರಾಂ ಲೆಕ್ಕದಲ್ಲಿ. ಹೆಚ್ಚುಕಡಿಮೆ ಇಡೀ ಟನ್ನೇ ಕೆಸರಾಗಿ ಹಿಂದೆ ಉಳಿಯುತ್ತದೆ. ಅದನ್ನು ಬೇರ್ಪಡಿಸಲು ಸಾಮಾನ್ಯವಾಗಿ ಬಳಸುವುದು ಸಯನೈಡ್. ಆ ಸೀಮೆಯ ಹಳ್ಳಗಳ ನೀರು ವರದೆಗೆ, ವರದೆ ಗಳಗನಾಥದಲ್ಲಿ ತುಂಗಭದ್ರೆಗೆ. ಗಣಿ ಬರಲಿ ಬಾರದಿರಲಿ ಎಂಬುದನ್ನು ಆ ಊರಿನವರು ಗ್ರಾಮಸಭೆಯಲ್ಲಿ ಕೂತು ತೀರ್ಮಾನಿಸಲಿ. ಆದರೆ ಬರುವುದೇ ಆದರೆ ಮೊದಲ ಗುದ್ದಲಿ ಬೀಳುವ ಮುಂಚೆ ಎರಡು ಮಳೆಗಾಲ ಅಲ್ಲಿಯ ಹಳ್ಳ, ಕೆರೆ, ಬೋರ್‌ವೆಲ್‌ಗಳ ನೀರನ್ನು ಅಳೆದು, ಆ ಅಂಕಿಗಳನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಸಬೇಕು. ಗಣಿ ನಡೆಯುವಷ್ಟು ಕಾಲವೂ, ನಿಂತ ಮೇಲೂ, ಆ ಅಳತೆ ತಪ್ಪಬಾರದು. ಇದನ್ನು ಇಂದೇ ಕೇಳಿ ಬರೆಯಿಸಿಕೊಳ್ಳಿ ಎಂದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ಪಂಚಾಯಿತಿ ಸದಸ್ಯರಿಗೂ ರೈತ ಸಂಘಟನೆಗಳಿಗೂ ನನ್ನ ಬಿನ್ನಹ.